ಕಟಿಂಗ್ ಶಾಪಿನ ಬೈಕ್ ರೇಸು

ಕಟಿಂಗ್ ಶಾಪಿನ ಯಜಮಾನ ತನ್ನ ನೆರಳನ್ನೂ ನಂಬದ ಆಸಾಮಿ. ಶಟರ್ ಎಳೆದು ಬೀಗ ಹಾಕಿದ ಮೇಲೆ ಜಗ್ಗಿ ನೋಡುವನು. ತಿರುವಿನ ತನಕ ಹೋದವನು ವಾಪಸು ಬಂದು ಮತ್ತೊಮ್ಮೆ ಜಗ್ಗುವನು.

ಕಾಯುವ ಗಿರಾಕಿಗಳಿಗೆ ಬೇಜಾರಾಗದಿರಲೆಂದು ಅವನು ಮೂಲೆಯ ಟಿವಿಗೆ ಒಂದು ಹಳೇ ವಿಡಿಯೋ ಗೇಮ್ ಸಿಕ್ಕಿಸಿದ್ದ. ಅದರಲ್ಲಿದ್ದದ್ದು ಬೈಕ್ ರೇಸೊಂದೇ. ಜನ್ಮದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸದ ಯಜಮಾನ ಆ ಪರದೆಯ ಮೇಲೆ ಮಾತ್ರ ರಾಜ. ಎಲ್ಲರಿಗಿಂತ ಬೇಗ ಗುರಿ ಮುಟ್ಟಿದವರ ಹೆಸರು ಅದರಲ್ಲಿ ಉಳಿಯುತ್ತಿತ್ತು. ವರ್ಷಗಟ್ಟಲೆ ಅವನದೇ ಉಳಿದಿತ್ತು.

ಒಂದು ಬೆಳಿಗ್ಗೆ ನೋಡಿದರೆ ಮೇಲಿನ ಸಾಲಿನಲ್ಲಿ ಬರೀ ಚುಕ್ಕೆಗಳು. ಅವನ ಹೆಸರು ಅದರ ಕೆಳಗೆ. ಯಾರೋ ತಮ್ಮ ಹೆಸರು ಹಾಕದೆಯೇ ಅವನನ್ನು ಹಿಂದಿಕ್ಕಿದ್ದರು.

ಅವತ್ತಿನಿಂದ ಅವನಿಗೆ ಎಲ್ಲರ ಮೇಲೂ ಕಣ್ಣು. ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವ ತಮ್ಮ ಸೀಟಿ ಹೊಡೆದರೆ, ಇವನಿಗ್ಯಾಕೆ ಇಷ್ಟು ಖುಷಿ ಎಂದು ಅನುಮಾನ. ಪಕ್ಕದ ಜೆರಾಕ್ಸ್ ಅಂಗಡಿಯವನು ಶೇವಿಂಗಿಗೆ ಕೂತಾಗ, ಯಜಮಾನ ಅವನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ, ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಎಲ್ಲಿರುತ್ತೀಯ ಎಂದು ಮೆಲ್ಲಗೆ ವಿಚಾರಿಸಿದ. ಪಾಪ, ಆತ ತಲೆ ಅಲ್ಲಾಡಿಸುವ ಹಾಗೂ ಇರಲಿಲ್ಲ.

ಕೊನೆಗೊಂದು ದಿನ ಯಜಮಾನ ಊಟಕ್ಕೆಂದು ಹೊರಟವನು ಅರ್ಧದಾರಿಯಿಂದ ತಿರುಗಿ ಬಂದ. ಅರ್ಧ ಎಳೆದ ಶಟರಿನಡಿಯಿಂದ ಇಂಜಿನ್ನಿನ ಗುರ್ ಸದ್ದು ಬರುತ್ತಿತ್ತು. ಬಗ್ಗಿ ನೋಡಿದ. ಗಿರಾಕಿಗಳ ಬೆಂಚಿನ ಮೇಲೆ ಅವನ ಹೆಂಡತಿ. ದಿನಾ ಆ ಹೊತ್ತಿಗೆ ತನ್ನ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಿಂದ ಶಟರ್ ತೆಗೆದು ಕೂದಲು ಗುಡಿಸಿ ಟವೆಲ್ ಒಗೆಯಲು ಬರುವವಳು. ಪೊರಕೆ ಪಕ್ಕಕ್ಕೆ ಒರಗಿತ್ತು, ಪರದೆಯ ಬೈಕು ಗಾಳಿಯಲ್ಲಿತ್ತು.

"ಯಾರು ಕಲಿಸಿದ್ರು ನಿಂಗೆ?" ಎಂದ. ಅವನ ಅನುಮಾನ ಈಗ ಬೇರೆ ದಾರಿ ಹಿಡಿದಿತ್ತು.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀವೇ. ಸಂಜೆ ಹೊತ್ತು ಟವೆಲ್ ಮಡಚ್ತಾ ನೀವಾಡೋದನ್ನ ನಾನು ಇಷ್ಟು ವರ್ಷ ನೋಡಿಲ್ವಾ? ದಿಬ್ಬ ಬಂದ್ರೂ ನೀವು ಸ್ಪೀಡ್ ಬಟನ್ ಬಿಡಲ್ಲ, ಇಂಜಿನ್ ಕಾದು ಬೈಕ್ ನಿಂತುಬಿಡತ್ತೆ. ನಾನು ಬಿಡ್ತೀನಿ, ಅಷ್ಟೇ."

"ಮತ್ತೆ ಹೆಸರು ಯಾಕೆ ಹಾಕ್ಲಿಲ್ಲ?"

"ಹಾಕಿದ್ರೆ ನನ್ನತ್ರ ಇರೋ ಬೀಗದ ಕೈ ಇಸ್ಕೊಂಡುಬಿಡ್ತಿದ್ರಿ."

ಅದು ನಿಜವೇ ಆಗಿತ್ತು. ಯಜಮಾನ ಚಪ್ಪಲಿ ಬಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಇನ್ನೊಂದು ಸಲ ಆಡು, ನೋಡೋಣ ಎಂದ.

ಈಗಲೂ ಮಧ್ಯಾಹ್ನ ಇಬ್ಬರೂ ಆಡುತ್ತಾರೆ. ಹೆಚ್ಚಾಗಿ ಅವಳೇ ಗೆಲ್ಲುತ್ತಾಳೆ. ಅವಳ ಸರದಿ ಬಂದಾಗ ಯಜಮಾನ ಪರದೆ ನೋಡುವುದಿಲ್ಲ. ತನಗೆ ಹೇಳದೆ ಉಳಿಸಿಕೊಂಡ ಉಪಾಯ ಇನ್ನೇನೋ ಇರಬೇಕೆಂದು ಬಟನ್ ಮೇಲಿನ ಅವಳ ಹೆಬ್ಬೆರಳನ್ನೇ ನೋಡುತ್ತಿರುತ್ತಾನೆ.