ಅವರ್ಸಾ ಎಂಬ ಪಟ್ಟು

ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಪುಟಿಸುತ್ತ ಎದುರಾಳಿಯನ್ನು ಯಾಮಾರಿಸುವ ಪಟ್ಟುಗಳಿಗೆ ಇಂಗ್ಲಿಷಿನಲ್ಲಿ ಏನೇನೋ ಹೆಸರುಗಳಿವೆ. ಕಾರವಾರದ ಕಾಲೇಜಿನ ಸಿಮೆಂಟು ಅಂಗಳದಲ್ಲಿ ಆಡುತ್ತಿದ್ದ ನಮಗೆ ಅವು ನಾಲಿಗೆಗೆ ಹತ್ತಲಿಲ್ಲ. ನಮ್ಮ ಹೆಸರುಗಳನ್ನೆಲ್ಲ ಇಟ್ಟವಳು ಅವರ್ಸಾದ ಮೀನುಗಾರರ ಮನೆಯ ಹುಡುಗಿ, ನನ್ನ ಗೆಳತಿ. ಚೆಂಡನ್ನು ಸರ್ರನೆ ಇನ್ನೊಂದು ಕೈಗೆ ದಾಟಿಸಿ ಅಡ್ಡ ಹಾಯುವುದು ‘ಕುರ್ಲಿ’, ಅಂದರೆ ಕೊಂಕಣಿಯಲ್ಲಿ ಏಡಿ. ಬೆನ್ನ ಹಿಂದಿನಿಂದ ದಾಟಿಸಿದರೆ ‘ಬೆಕ್ಕು’. ಅವಳ ತಾಯಿ ಮೀನು ಹೆಚ್ಚುವಾಗ ಬೆಕ್ಕಿಗೆ ಕಾಣದಂತೆ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸುತ್ತಿದ್ದರಂತೆ.

ಎಲ್ಲಕ್ಕಿಂತ ದೊಡ್ಡ ಪಟ್ಟು ‘ಅವರ್ಸಾ’. ಓಡುತ್ತ ಬಂದು, ಇನ್ನೇನು ನಿಂತೇಬಿಟ್ಟಳು ಅನ್ನಿಸುವಂತೆ ನಿಧಾನ ಮಾಡಿ, ತಡೆಯುವವಳು ಮೈ ಸಡಿಲಿಸಿದ ಕೂಡಲೇ ನುಗ್ಗಿಹೋಗುವುದು. ಅವಳೂರಿನ ಸ್ಟಾಪಿನಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ಮಾಡುತ್ತಿದ್ದುದು ಅದನ್ನೇ. ವೇಗ ತಗ್ಗಿಸುತ್ತವೆ, ಜನ ಚೀಲ ಎತ್ತಿಕೊಂಡು ಮುಂದೆ ಬರುತ್ತಾರೆ, ಬಸ್ಸು ಹೊರಟೇ ಹೋಗುತ್ತದೆ. ಅವಳನ್ನು ತಡೆಯುವ ಕೆಲಸ ನನ್ನದು. ಪ್ರತಿಸಲ ಮೋಸಹೋಗುತ್ತಿದ್ದೆ, ಸಿಟ್ಟು ನೆತ್ತಿಗೇರುತ್ತಿತ್ತು. ಕೊನೆಗೆ ಅವಳೇ ಕನಿಕರಪಟ್ಟು ಉಪಾಯ ಹೇಳಿಕೊಟ್ಟಳು: ಮುಖ ನೋಡಬಾರದು, ಸೊಂಟ ನೋಡಬೇಕು, ಏನೇ ಆದರೂ ಜಾಗ ಬಿಟ್ಟು ಅಲುಗಬಾರದು.

ಈಗ ಅವಳು ಅಂಕೋಲೆಯ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಎದೆಯಲ್ಲೊಂದು ಗಂಟು ಕೈಗೆ ಸಿಗುತ್ತಿದೆಯೆಂದು ಫೋನಿನಲ್ಲಿ ಹೇಳಿದಳು. ಕಾರವಾರಕ್ಕೆ ಬಾ, ಡಾಕ್ಟರಿಗೆ ತೋರಿಸೋಣ ಎಂದೆ. ಮುಂದಿನ ವಾರ ಬರುತ್ತೇನೆ ಎಂದಳು. ನಾನು ರಜೆ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಒಮ್ಮೆ ದೋಣಿ ತಡವಾಗಿ ಬಂತಂತೆ, ಇನ್ನೊಮ್ಮೆ ಅತ್ತೆಗೆ ಕಾಲುನೋವಂತೆ. ಕಾದೂ ಕಾದೂ ಸಾಕಾಗಿ ಮನೆಗೆ ನಡೆಯುವಾಗ ಹೊಳೆಯಿತು, ಇದು ‘ಅವರ್ಸಾ’. ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆಯೇ ಅವರ್ಸಾದ ಅವಳ ಮನೆಗೆ ಹೋದೆ. ಚಹಾ ಕೊಟ್ಟಳು, ನನ್ನ ಬಿಳಿಕೂದಲ ಬಗ್ಗೆ ತಮಾಷೆ ಮಾಡಿ ನಕ್ಕಳು. ನಾನು ಮುಖ ನೋಡಲಿಲ್ಲ. ಬಡಕಲಾದ ಸೊಂಟದಲ್ಲಿ ಸೀರೆ ನಿಲ್ಲದೆ, ನೆರಿಗೆಗೆ ದೊಡ್ಡ ಪಿನ್ನು ಚುಚ್ಚಿ ಬಿಗಿದುಕೊಂಡಿದ್ದಳು.

“ಮುಂದಿನ ವಾರ ಖರೇ ಬರ್ತೆ ಮಾರಾಯ್ತಿ. ನೀ ಹೊರಡು, ಬಸ್ ತಪ್ತದೆ.”

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಬಸ್ಸು ಹೋದ ಸದ್ದು ಕೇಳಿತು. ಅವಳು ಪಾತ್ರೆ ತೊಳೆದಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಕೊನೆಗೆ ನನಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತಳು.

“ಅವ್ವಂಗೂ ಹಿಂಗೇ ಸುರುವಾಗಿತ್ತು” ಎಂದಳು. “ಹೆದ್ರಿಕೆ ಆಗ್ತದೆ.”

“ನಂಗೂ ಆಗ್ತದೆ.”

“ನೀ ಏಳೂದೇ ಇಲ್ವಾ?”

“ಇಲ್ಲ. ನೀನೇ ಕಲ್ಸಿದ್ದು.”

ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಬೇರೆ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲವಿತ್ತು.

ಸ್ಟಾಪಿನಲ್ಲಿ ನಿಂತಾಗ ಕಾರವಾರದ ಎಕ್ಸ್‌ಪ್ರೆಸ್ಸು ದೂರದಲ್ಲೇ ವೇಗ ತಗ್ಗಿಸಿತು. ನಾನು ಅವಳ ಕೈ ಹಿಡಿದೆ. ಇನ್ನೊಂದು ಕೈಯನ್ನು ಅಡ್ಡ ಚಾಚಿ ರಸ್ತೆಯಂಚಿನಲ್ಲಿ ನಿಂತೆ. ಅವಳೂ ಚೀಲ ಹಿಡಿದ ತನ್ನ ಕೈ ಚಾಚಿದಳು. ಬಸ್ಸು ನಿಂತಿತು.