ಚರ್ಚಿನ ಪಡಸಾಲೆಯ ಗಿಣ್ಣು

ಕೃಷ್ಣೆಗೆ ನೀರು ಬಂದರೆ ನಮ್ಮ ಚರ್ಚಿಗೆ ಜನ ಬರುತ್ತಿದ್ದ ಕಾಲವದು. ಇಡೀ ಚರ್ಚಿಗೆ ಒಂದೇ ಮೊಬೈಲು, ಅದೂ ಅಯ್ನೋರ ಅಂಗಿಯ ಜೇಬಿನಲ್ಲಿ. ಅಯ್ನೋರೆಂದರೆ ನಮ್ಮ ಪಾದ್ರಿ. ಮಿರಜದ ಕಡೆಯವರು, ಕನ್ನಡ ಮಾತಾಡುತ್ತಲೇ ಮರಾಠಿಗೆ ಜಾರುವವರು. ರಾಯಬಾಗದ ಆ ಸಣ್ಣ ಹೆಂಚಿನ ಚರ್ಚಿನಲ್ಲಿ ಒಂದು ಹಾಡು ಕನ್ನಡದ್ದಾದರೆ ಇನ್ನೊಂದು ಮರಾಠಿಯದು. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಬಂದಿದ್ದ ತೆಲುಗು ಮನೆಯವರು ಎರಡಕ್ಕೂ ತಮ್ಮ ಮಾತು ಸೇರಿಸಿ ಹಾಡುತ್ತಿದ್ದರು. ದೇವರಿಗೆ ಎಲ್ಲ ತಿಳಿಯುತ್ತದೆ ಎಂದು ಆಗ ನಂಬಿದ್ದೆ. ಈಗ ದೇವರ ವಿಷಯದಲ್ಲೂ ನನ್ನ ನೆನಪಿನ ವಿಷಯದಲ್ಲೂ ಅಷ್ಟು ಧೈರ್ಯವಿಲ್ಲ. ಆದರೂ ಬರೆಯುತ್ತೇನೆ, ತಪ್ಪಿದ್ದರೆ ಅಕ್ಕ ಹೇಗೂ ಫೋನ್ ಮಾಡಿ ಬೈಯುತ್ತಾಳೆ.

ನಾನಾಗ ಐದನೇ ಇಯತ್ತೆ. ಶ್ರಾವಣ ಮಾಸ. ದಿಗ್ಗೇವಾಡಿ ಕಡೆಯ ಹೊಳೆದಂಡೆಯ ಮನೆಗಳಿಗೆ ನೀರು ಹೊಕ್ಕು ಎಷ್ಟೋ ಸಂಸಾರಗಳು ನಮ್ಮ ಚರ್ಚಿಗೆ ಬಂದಿದ್ದವು. ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದೆವು. ಒದ್ದೆ ಕೌದಿ, ಸೀಮೆಎಣ್ಣೆ, ಹುರಿದ ಶೇಂಗಾ, ಎಲ್ಲ ಸೇರಿದ ಒಂದು ವಾಸನೆ ಒಳಗೆ ತುಂಬಿತ್ತು. ಬೌದ್ಧರ ಓಣಿಯ ಹೆಂಗಸರು ರೊಟ್ಟಿ ಬಡಿಯಲು ಬರುತ್ತಿದ್ದರು. ಅಯ್ನೋರ ಹೆಂಡತಿ ರೂತಬಾಯಿ ಬಂದವರಿಗೆ ಶ್ರಾವಣವೆಂದು ತತ್ತಿಯನ್ನು ಅಡುಗೆಮನೆಗೇ ತರಲಿಲ್ಲ. ಸೋಮವಾರ ಉಪವಾಸದವರಿಗಾಗಿ ಸಾಬೂದಾಣಿ ಖಿಚಡಿ ಮಾಡಿದರು. ಅದರ ಘಮಕ್ಕೆ ಚರ್ಚಿನ ಹುಡುಗರೆಲ್ಲ ತಾವೂ ಉಪವಾಸವೆಂದು ಸಾಲಿನಲ್ಲಿ ಕುಳಿತೆವು.

ಬಂದವರಲ್ಲಿ ತಂಗೆವ್ವ ಎಂಬ ಮುದುಕಿ ಇದ್ದಳು. ಎಮ್ಮೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು, ತುಂಬು ಗಬ್ಬದ ಎಮ್ಮೆಯನ್ನು ಹೊಡೆದುಕೊಂಡೇ ಬಂದಿದ್ದಳು. ಅವಳ ಒಲೆ ಉರಿಯುತ್ತಿದ್ದದ್ದೇ ಅದರ ಹಾಲಿನಿಂದ. ಶನಿವಾರ ಮಧ್ಯಾಹ್ನ ಎಮ್ಮೆಗೆ ನೋವು ಶುರುವಾಯಿತು. ಅಂಗಳದ ತುಂಬ ಕೆಸರು. ಅಯ್ನೋರು ಅದನ್ನು ಚರ್ಚಿನ ಪಡಸಾಲೆಗೆ ಹತ್ತಿಸಿದರು. ಸುದ್ದಿ ಕೇಳಿ ಸಭೆಯ ಹಿರಿಯರಾದ ಸ್ಯಾಮುವೆಲ್ ಮಾಸ್ತರರು ಕೊಡೆ ಹಿಡಿದು ಓಡಿಬಂದರು.

“ಅಯ್ನೋರ, ನಾಳಿ ಕರ್ತನ ಭೋಜನ ಐತ್ರಿ! ಚರ್ಚನ್ನ ದನದ ಕೊಟಗಿ ಮಾಡೀರಲ್ಲ!”

“ಕರ್ತ ಹುಟ್ಟಿದ್ದೂ ಅಲ್ಲೇ ಅಲ್ರಿ” ಎಂದು ಅಯ್ನೋರು ಉತ್ತರಿಸಿದರೆಂದು ನನ್ನ ನೆನಪು. ಆದರೆ ಇಷ್ಟು ಒಪ್ಪವಾದ ಉತ್ತರ ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಗುಮಾನಿ. “ಥಾಂಬಾ, ತಡೀರಿ ಮಾಸ್ತರ, ಮೊದಲ ಬಿಸಿನೀರ ತರ್ರಿ” ಎಂದಷ್ಟೇ ಅಂದಿರಲಿಕ್ಕೂ ಸಾಕು. ಮಾಸ್ತರರು ಗೊಣಗುತ್ತಲೇ ನೀರು ಹೊತ್ತರು. ಎಮ್ಮೆ ಹೆಣ್ಣು ಕರು ಹಾಕಿತು.

ಭಾನುವಾರ ಆರಾಧನೆ ಮುಗಿಯುತ್ತಿದ್ದಂತೆ ತಂಗೆವ್ವ ಒಂದು ಬೋಗುಣಿ ಹಿಡಿದು ನೇರವಾಗಿ, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಟ್ಟಿದ್ದ ಮುಂದಿನ ಮೇಜಿನ ಹತ್ತಿರ ಬಂದಳು. ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿ ಬೇಯಿಸಿದ ಗಿಣ್ಣು. ನಮ್ಮ ಮೂಗುಗಳೆಲ್ಲ ಆ ಕಡೆ ತಿರುಗಿದವು.

“ನಮ್ಮ ಮನಿ ದ್ಯಾವ್ರು ನೀರಾಗ ಅದಾನ್ರಿ. ಎಮ್ಮಿ ಈದದ್ದು ಈ ಮನ್ಯಾಗ. ಗಿಣ್ಣದ ಎಡಿ ಈ ಮನಿ ದ್ಯಾವ್ರಿಗೇ ಮೊದಲ ಆಗಬೇಕು.”

“ನಮ್ಮ ದ್ಯಾವ್ರು ಎಡಿ ಉಣ್ಣೂದಿಲ್ಲ ಬೇ” ಎಂದರು ಮಾಸ್ತರರು.

“ಉಣ್ಣೂದಿಲ್ಲ? ಹಂಗಾರ ಇಷ್ಟ ದಿನ ಉಪಾಸ ಅದಾನೇನ್ರಿ?”

ನಾವು ಕಿಸಕ್ಕನೆ ನಕ್ಕೆವು. ತಂಗೆವ್ವ ನಗಲಿಲ್ಲ. ಎಡೆ ತಪ್ಪಿದರೆ ಎಮ್ಮೆ ಬತ್ತುತ್ತದೆ ಎಂಬುದು ಅವಳ ನಂಬಿಕೆ, ಹಿಂದೊಮ್ಮೆ ಹಾಗಾಗಿತ್ತಂತೆ. “ಬ್ಯಾಡನಬ್ಯಾಡ್ರಿ ಯಪ್ಪಾ. ಮನಿ ಹೋತು, ಇದೊಂದರೆ ಉಳೀಲಿ” ಎಂದಳು. ಬೋಗುಣಿಯನ್ನು ಇನ್ನೂ ಮುಂದಕ್ಕೆ ಚಾಚಿದಳು.

ಅಯ್ನೋರು ಮೇಜು ನೋಡಿದರು, ಬೋಗುಣಿ ನೋಡಿದರು, ಗಂಟಲು ಸರಿಮಾಡಿಕೊಂಡರು.

“ಆಜಿ, ನಮ್ಮಲ್ಲಿ ದೇವರ ಪಾಲು ಹಸದವರಿಗೆ ಕೊಡೂದು. ಅವರು ಉಂಡ್ರ ದೇವರು ಉಂಡಂಗ.”

“ಹಂಗನ್ರಿ? ಇಲ್ಲಿ ಯಾರ ಹಸದಾರ?”

“ನಾವ್ರೀ!” ಎಂದು ಕೂಗಿದೆವು.

“ಸುಮ್ನ ಕುಂಡ್ರಲೇ, ಈಗರೆ ಬಿಸ್ಕೂಟ ಮುಕ್ಕೀರಿ” ಎಂದರು ರೂತಬಾಯಿ.

ಅಯ್ನೋರ ಕಣ್ಣು ಮಾಸ್ತರರ ಮೇಲೆ ನಿಂತಿತು. ಕರ್ತನ ಭೋಜನದ ದಿನ ಆರಾಧನೆ ಮುಗಿಯುವವರೆಗೆ ಚಹಾ ಕೂಡ ಕುಡಿಯದವರು ಅವರೊಬ್ಬರೇ. “ಮಾಸ್ತರ ಹಸದಾರ ಆಜಿ” ಎಂದರು ಅಯ್ನೋರು.

ತಂಗೆವ್ವ ತಡಮಾಡಲಿಲ್ಲ. ಮಾಸ್ತರರ ಎದುರು ನಿಂತು, ಬೋಗುಣಿಯನ್ನು ಬೆಂಚಿನ ಮೇಲಿಟ್ಟು, ಗುಡಿಯಲ್ಲಿ ನಿಂತಂತೆ ಕಣ್ಣು ಮುಚ್ಚಿ ಕೈ ಮುಗಿದಳು.

“ಏ, ನನಗ್ಯಾಕ ಕೈ ಮುಗೀತಿ ಬೇ, ನಾ ದ್ಯಾವ್ರಲ್ಲ—”

ಬಾಯಿ ತೆರೆದದ್ದೇ ತಡ, ಒಂದು ತುಂಡು ಗಿಣ್ಣು ಒಳಗೆ ಹೋಯಿತು. ಉಗುಳುವಂತಿಲ್ಲ, ಊರೆಲ್ಲ ನೋಡುತ್ತಿದೆ. ಮಾಸ್ತರರು ಮುಖ ಕೆಂಪಗೆ ಮಾಡಿಕೊಂಡು ನಿಧಾನವಾಗಿ ಅಗಿದರು, ನುಂಗಿದರು. ಮೀಸೆ ಒರೆಸಿಕೊಂಡರು.

“ಬೆಲ್ಲ ಎಲ್ಲೀದ?” ಎಂದು ಕೇಳಿದರು. ಆಮೇಲೆ, ಸಣ್ಣ ದನಿಯಲ್ಲಿ, “ಇನ್ನೊಂದ ತುಂಡ ಹಾಕು.”

ಚರ್ಚು ಹಾಗೆ ನಕ್ಕದ್ದನ್ನು ನಾನು ಮತ್ತೆ ಕೇಳಿಲ್ಲ. ತಂಗೆವ್ವ ಕಣ್ಣೊರೆಸಿಕೊಂಡು ಸಾಲಾಗಿ ಎಲ್ಲರ ಕೈಗೂ ಹಾಕುತ್ತ ಹೋದಳು: ನಮಗೆ, ತೆಲುಗು ಮಕ್ಕಳಿಗೆ, ರೊಟ್ಟಿಯ ಹೆಂಗಸರಿಗೆ.

ಅಕ್ಕ ಇದನ್ನು ಒಪ್ಪುವುದಿಲ್ಲ. ಮೊದಲ ತುಂಡು ಹೋದದ್ದು ಒಂದು ಕೂಸಿಗೆ, ಮಾಸ್ತರರು ತಿಂದದ್ದು ಕೊನೆಗೆ, ಮೂಲೆಯಲ್ಲಿ ನಿಂತು, ಎನ್ನುತ್ತಾಳೆ. ಇರಬಹುದು. ಆದರೆ ಎಮ್ಮೆ ಬತ್ತಲಿಲ್ಲ, ದೀಪಾವಳಿಗೆ ತಂಗೆವ್ವ ಅದರ ಬೆಣ್ಣೆ ತಂದು ಮಾಸ್ತರರ ಮನೆಗೇ ಕೊಟ್ಟಳು. ಅದರಲ್ಲಿ ನಮ್ಮಿಬ್ಬರಿಗೂ ಭೇದವಿಲ್ಲ.

ಈಗ ಚರ್ಚಿನ ನೆಲಕ್ಕೆ ನುಣುಪಾದ ಫರಸಿ, ಪಡಸಾಲೆಗೆ ಕಬ್ಬಿಣದ ಜಾಲರಿ. ಹೊಳೆ ಬಂದರೆ ಜನಕ್ಕೆ ಶಾಲೆ, ದನಕ್ಕೆ ಬೇರೆ ಛಾವಣಿ. ವ್ಯವಸ್ಥೆ ಒಳ್ಳೆಯದೇ, ನಾನು ದೂರುವುದಿಲ್ಲ. ಆದರೆ ಬೋಗುಣಿ ಹಿಡಿದು ಮುಂದಿನ ಮೇಜಿನವರೆಗೆ ನಡೆದುಬರುವವರು ಈಗ ಇಲ್ಲ. ಈಗ ಚರ್ಚಿನ ದೇವರು ಯಾರ ದೇವರೆಂದು ಹೊಳೆದಂಡೆಯವರಿಗೆ ಗೊತ್ತು, ಅವರ ಗಿಣ್ಣು ಯಾರ ಗಿಣ್ಣೆಂದು ನಮಗೆ ಗೊತ್ತು. ಆ ಭಾನುವಾರ ಎರಡೂ ಕಡೆಯವರಿಗೆ ಸರಿಯಾದ ನಿಯಮ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ಎಲ್ಲರಿಗೂ ಒಂದೊಂದು ತುಂಡು ಸಿಕ್ಕಿತು.