ಹದಿನಾಲ್ಕು ದಿನಕ್ಕೊಮ್ಮೆ ಕತ್ರಿಗುಪ್ಪೆಗೆ: ಗ್ರಂಥಪಾಲಕ ರೇವಣಸಿದ್ದಪ್ಪನವರು

ದಕ್ಷಿಣ ಬೆಂಗಳೂರಿನಲ್ಲಿ ದೈವಶಾಸ್ತ್ರದ ಪುಸ್ತಕ ಹುಡುಕಿ ಹೊರಟವರು ಯಾವ ದಾರಿ ಹಿಡಿದರೂ ಕೊನೆಗೆ ಜೆ.ಪಿ. ನಗರದಲ್ಲಿ ಸಭಾಪಾಲಕರನ್ನು ತರಬೇತುಗೊಳಿಸುವ ನಮ್ಮ ಕ್ರೈಸ್ತ ಸೆಮಿನರಿಯ ಗ್ರಂಥಾಲಯದ ಮೆಟ್ಟಿಲು ಹತ್ತಲೇಬೇಕು. ಹತ್ತಿದವರು ಬಾಗಿಲ ಎಡಗಡೆಯ ಮೇಜಿನ ಹಿಂದೆ, ಹಣೆಯ ಮೇಲೆ ಮೂರೆಳೆ ವಿಭೂತಿ ಧರಿಸಿ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಕುಳಿತ ಶ್ರೀ ರೇವಣಸಿದ್ದಪ್ಪನವರನ್ನು ಕಂಡು ಒಂದು ಕ್ಷಣ ತಬ್ಬಿಬ್ಬಾಗಲೇಬೇಕು. ಮೂವತ್ತನಾಲ್ಕು ವರ್ಷ ಹೀಗೇ ನಡೆಯಿತು. ಗ್ರಂಥಾಲಯ ವಿಜ್ಞಾನವನ್ನು ಪದವಿಗಾಗಿ ಓದಿದವರು ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ವ್ರತದಂತೆ ಪಾಲಿಸಿದವರನ್ನು ಎಣಿಸಹೊರಟರೆ ಮೊದಲ ಬೆರಳು ಮಡಚುವುದು ಇವರ ಹೆಸರಿಗೆ.

ಈ ಅಭಿನಂದನ ಸಂಪುಟಕ್ಕೆ ಅವರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಮೂರು ಸಲ "ಬೇಡ" ಅಂದವರು ನಾಲ್ಕನೆಯ ಸಲ ಒಂದು ಷರತ್ತು ಹಾಕಿದರು. "ನನ್ನ ತಪ್ಪನ್ನೂ ಬರೀಬೇಕು. ಸುಧಾಮಣಿ ಮೇಡಂ ವಿಷಯ ಬಿಟ್ಟು ಬರೆದ್ರೆ ಆ ಪುಸ್ತಕಾನ ನಾನು ಶೆಲ್ಫಿಗೆ ಇಡೋದಿಲ್ಲ." ಸನ್ಮಾನ ಮಾಡುತ್ತೇವೆಂದವರ ಕೈಯಿಂದಲೇ ತಮ್ಮ ತಪ್ಪು ಬರೆಸಿಕೊಳ್ಳುವ ಆಸಾಮಿಯನ್ನು ಎಲ್ಲಾದರೂ ಕಂಡಿದ್ದೀರಾ? ಆದರೂ ಮಾತು ಕೊಟ್ಟಾಗಿದೆ, ಬರೆಯಲೇಬೇಕು.

ಹರಿಹರದ ಕಡೆಯ ಶೈವ ಮನೆತನದಲ್ಲಿ ಹುಟ್ಟಿ, ಬೆಂಗಳೂರಿಗೆ ಬಂದು ಗ್ರಂಥಾಲಯ ವಿಜ್ಞಾನ ಓದಿದ ರೇವಣಸಿದ್ದಪ್ಪನವರು ೧೯೯೧ರಲ್ಲಿ ಸಂದರ್ಶನಕ್ಕೆ ಬಂದಾಗ ಸಮಿತಿಯ ಹಿರಿಯರೊಬ್ಬರು ಮುಖ ಸಿಂಡರಿಸಿ, "ನಮ್ಮವರು ಒಬ್ಬರೂ ಸಿಗ್ಲಿಲ್ವಾ?" ಎಂದರಂತೆ. ಅಂದಿನ ಪ್ರಾಂಶುಪಾಲರು ತಲೆ ಎತ್ತದೆಯೇ, "ಪುಸ್ತಕ ಜೋಡಿಸೋಕೂ ದೀಕ್ಷಾಸ್ನಾನ ಆಗಿರ್ಬೇಕಾ?" ಎಂದು ಕೇಳಿ ನೇಮಕದ ಕಾಗದಕ್ಕೆ ಸಹಿ ಹಾಕಿದರು. ಆ ದಿನ ಗ್ರಂಥಾಲಯದಲ್ಲಿದ್ದದ್ದು ಹನ್ನೊಂದು ಸಾವಿರ ಪುಸ್ತಕ, ಎರಡು ಬೀರು ಹಳೆಯ ಸಭಾಪತ್ರಿಕೆಗಳು, ಮತ್ತು ಯಾರೂ ಬಿಚ್ಚದ ಟ್ರಂಕುಗಳು. ಇಂದು ಅಲ್ಲಿ ಅರವತ್ತು ಸಾವಿರ ಪುಸ್ತಕಗಳಿವೆ. ಸತ್ಯವೇದದ, ಅಂದರೆ ಬೈಬಲಿನ, ವ್ಯಾಖ್ಯಾನಗಳಿಗೆ, ಹೀಬ್ರೂ ಮತ್ತು ಗ್ರೀಕ್ ನಿಘಂಟುಗಳಿಗೆ, ಕನ್ನಡದ ಹಳೆಯ ಗೀತಪುಸ್ತಕಗಳಿಗೆ, ವಿದ್ಯಾರ್ಥಿಗಳ ಪ್ರಬಂಧಗಳಿಗೆ ಬೇರೆ ಬೇರೆ ಕೋಣೆಗಳಾಗಿವೆ. ಗಣಕಯಂತ್ರದಲ್ಲಿ ಹೆಸರು ಒತ್ತಿದರೆ ಪುಸ್ತಕ ಇರುವ ಕಪಾಟು ತಿಳಿಯುತ್ತದೆ. ಆದರೂ ನಮ್ಮ ವಿದ್ಯಾರ್ಥಿಗಳು ಗಣಕಯಂತ್ರದ ಮುಂದೆ ನಿಂತು, "ಸಾರ್, ಅದು ಎಲ್ಲಿದೆ?" ಎಂದು ಕೇಳುವುದು ಇವರನ್ನೇ.

ಅವರು ಕಟ್ಟಿದ ಸೇವೆಗಳಲ್ಲಿ ಅಂಚೆಯ ಎರವಲು ಎಲ್ಲಕ್ಕಿಂತ ದೊಡ್ಡದು. ಊರೂರಿನ ಸಣ್ಣ ಕ್ರೈಸ್ತ ಸಭೆಗಳ ಪಾಲಕರು ಒಂದು ಕಾರ್ಡು ಬರೆದರೆ ಸಾಕು, ಭಾನುವಾರದ ಪ್ರಸಂಗಕ್ಕೆ ಬೇಕಾದ ಪುಸ್ತಕ ಗುರುವಾರದೊಳಗೆ ಅವರ ಮನೆ ಸೇರುತ್ತಿತ್ತು. ಕಾರ್ಡು ಹೋಗಿ ವಾಟ್ಸಾಪು ಬಂದ ಮೇಲೂ ಬ್ರೌನ್ ಪೇಪರು ಸುತ್ತಿ ದಾರ ಕಟ್ಟುವ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಪರೀಕ್ಷೆಯ ತಿಂಗಳಲ್ಲಿ ಅಕ್ಕಪಕ್ಕದ ಬಡಾವಣೆಗಳ ಮಕ್ಕಳಿಗೂ ಓದುವ ಕೋಣೆ ತೆರೆದಿಡುತ್ತಿದ್ದರು. "ಫ್ಯಾನು ನಮಗೊಬ್ಬರಿಗೇ ತಿರುಗ್ಬೇಕಾ?" ಎಂಬುದು ಅದಕ್ಕೆ ಅವರು ಕೊಡುತ್ತಿದ್ದ ವಿವರಣೆ.

ಇಷ್ಟು ಮೃದು ಮನುಷ್ಯ ನಿಯಮದ ವಿಷಯಕ್ಕೆ ಬಂದರೆ ಕಲ್ಲು. ಎರವಲಿನ ಅವಧಿ ಹದಿನಾಲ್ಕು ದಿನ. ನವೀಕರಿಸಬೇಕಾದರೆ ಪುಸ್ತಕವನ್ನು ಕಣ್ಣೆದುರು ತಂದು ತೋರಿಸಬೇಕು, ಆಗ ಮಾತ್ರ ಮುದ್ರೆ ಬೀಳುತ್ತದೆ. ರೆಫರೆನ್ಸ್ ಪುಸ್ತಕ ಹೊರಗೆ ಹೋಗುವಂತಿಲ್ಲ. ಒಮ್ಮೆ ಬಿಷಪ್ಪರೊಬ್ಬರು ಒಂದು ನಿಘಂಟನ್ನು ಒಂದೇ ದಿನಕ್ಕೆ ಕೇಳಿದಾಗ, "ಇಲ್ಲೇ ಕೂತು ಓದಿ ಅಯ್ಯನವರೆ, ಕಾಫಿ ನಾನು ತರಿಸ್ತೀನಿ" ಎಂದು ಕುರ್ಚಿ ಎಳೆದು ಕೊಟ್ಟರು. ಬಿಷಪ್ಪರು ಕೂತರು, ಓದಿದರು, ಎರಡು ಕಾಫಿ ಕುಡಿದು ಹೋದರು.

ಇನ್ನೊಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಮೇಜಿನ ಮೇಲೆ ಒಂದು ಕೇಳಿಕೆಯ ಪುಸ್ತಕ ಇರುತ್ತಿತ್ತು. ಯಾರು ಏನು ಕೇಳಿದರೂ ಅದರಲ್ಲಿ ಬರೆದು, ಉತ್ತರ ಸಿಕ್ಕ ಮೇಲೆ ನೀಲಿ ಗೆರೆ ಎಳೆಯುವುದು. ಸಿಗದ್ದನ್ನು ಪ್ರತಿ ಜನವರಿಯಲ್ಲಿ ಹೊಸ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ನಕಲು ಮಾಡುವುದು. ಹೆಚ್ಚಿನ ಕೆಂಪು ಸಾಲುಗಳು ಒಂದೆರಡು ವರ್ಷದಲ್ಲಿ ನೀಲಿಯಾದವು. ಒಂದೇ ಒಂದು ಸಾಲು ಮಾತ್ರ ಇಪ್ಪತ್ತೆಂಟು ವರ್ಷ ಕೆಂಪಾಗಿಯೇ ಉಳಿಯಿತು.

ಅದು ೧೯೯೪ರ ಸಾಲು. ಕತ್ರಿಗುಪ್ಪೆಯಿಂದ ಶ್ರೀಮತಿ ಸುಧಾಮಣಿಯವರು ಬಂದಿದ್ದರು. ನಮ್ಮಲ್ಲೇ ಹೀಬ್ರೂ ಕಲಿಸಿ ನಿವೃತ್ತರಾಗಿ ತೀರಿಕೊಂಡ ರೆವರೆಂಡ್ ದೇವದಾಸರ ಮಗಳು. ಪಾತ್ರೆ ಅಂಗಡಿಯ ಚಿದಾನಂದ್ ಎಂಬ ಶೈವರ ಹುಡುಗನನ್ನು ಮೆಚ್ಚಿ ಮದುವೆಯಾದದ್ದಕ್ಕೆ ತಂದೆ ಹದಿಮೂರು ವರ್ಷ, ಅಂದರೆ ಸಾಯುವವರೆಗೂ, ಮಗಳೊಡನೆ ಮಾತು ಬಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಗ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿ ನಮ್ಮ ಗ್ರಂಥಾಲಯಕ್ಕೆ ಕಳಿಸಿದ್ದ. ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆಗಳನ್ನು ಸತ್ಯವೇದದ ಮೊದಲ ಹಾಳೆಯಲ್ಲಿ ಬರೆದಿಡುವುದು ನಮ್ಮ ಕ್ರೈಸ್ತ ಮನೆಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಸುಧಾಮಣಿಯವರಿಗೆ ಬೇಕಾಗಿದ್ದು ಆ ಹಾಳೆ.

"ಅಪ್ಪ ನನ್ ಹೆಸರು ಹೊಡೆದುಹಾಕಿದ್ದಾರಾ ಅಂತ ನೋಡ್ಬೇಕಿತ್ತು ಸಾರ್. ಅಷ್ಟೇ," ಎಂದರಂತೆ ಆಕೆ.

ಇಬ್ಬರೂ ಅರ್ಧ ದಿನ ಕೂತು ದೇವದಾಸರ ಪುಸ್ತಕಗಳನ್ನೆಲ್ಲ ತೆರೆದರು. ಮನೆಯಲ್ಲಿ ಓದುತ್ತಿದ್ದ ಕನ್ನಡದ ಸತ್ಯವೇದದಲ್ಲಿ ಮೊದಲ ಹಾಳೆಯೇ ಇರಲಿಲ್ಲ, ಹೊಲಿಗೆಯ ಹತ್ತಿರ ಒಂದು ಚೂರು ಮಾತ್ರ ಉಳಿದಿತ್ತು. ಇಂಗ್ಲಿಷಿನದರಲ್ಲಿ ಏನೂ ಇಲ್ಲ. ಹೀಬ್ರೂವಿನದರ ಒಂದು ತುದಿ ಖಾಲಿ, ಇನ್ನೊಂದು ತುದಿಯಲ್ಲಿ ಪುಸ್ತಕ ಮರಳಿಸುವ ದಿನಾಂಕ ಒತ್ತುವ ಗ್ರಂಥಾಲಯದ ಚೀಟಿ, ಡೇಟ್ ಸ್ಲಿಪ್. ಸುಧಾಮಣಿಯವರು ಆ ಹರಿದ ಚೂರನ್ನು ಬೆರಳಿನಲ್ಲಿ ಸವರಿ, "ಹೆಸರು ಹೊಡೆದುಹಾಕೋದೇನು, ಹಾಳೇನೇ ಕಿತ್ತುಹಾಕಿದ್ದಾರೆ ಬಿಡಿ," ಎಂದು ಎದ್ದರು. ರೇವಣಸಿದ್ದಪ್ಪನವರು ಅವರ ವಿಳಾಸ ಬರೆದುಕೊಂಡರು. ಆಮೇಲೆ ಪ್ರತಿ ಜನವರಿಯಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ನಕಲು ಮಾಡುತ್ತ ಹೋದರು.

ಇನ್ನು ತಪ್ಪಿನ ವಿಷಯ. ಕೆಲಸಕ್ಕೆ ಸೇರಿದ ಮೊದಲ ವರ್ಷ ಆ ಟ್ರಂಕುಗಳನ್ನು ಬಿಚ್ಚಿದವರು ಇವರೇ. ಡೇಟ್ ಸ್ಲಿಪ್ಪನ್ನು ಪುಸ್ತಕದ ಕೊನೆಯ ಹಾಳೆಗೆ ಅಂಟಿಸಬೇಕೆಂದು ಕಲಿತಿದ್ದರು, ಹಾಗೆಯೇ ನಲವತ್ತೊಂದು ಹೀಬ್ರೂ ಪುಸ್ತಕಗಳಿಗೂ ಅಂಟಿಸಿಬಿಟ್ಟರು. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ, ನಾವು ಕೊನೆ ಎಂದುಕೊಳ್ಳುವುದೇ ಅದರ ಮೊದಲು ಎಂದು ಹರಿಹರದ ಹುಡುಗನಿಗೆ ಯಾರು ಹೇಳಬೇಕು? ಹೀಬ್ರೂ ಅಧ್ಯಾಪಕರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪುಸ್ತಕದ ಮುಖಕ್ಕೇ ಚೀಟಿ ಅಂಟಿಸಿದ್ದೀರಲ್ರೀ! ಇರ್ಲಿ ಬಿಡಿ, ಕಿತ್ರೆ ಹಾಳೆ ಹರಿಯುತ್ತೆ." ಇವರಿಗೆ ನಾಚಿಕೆಯಾಗಿ, ಒಂದು ವರ್ಷ ಹೀಬ್ರೂ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಅಕ್ಷರ ಕಲಿತರು. ಅದೊಂದು ತಮಾಷೆಯ ಕತೆಯಾಗಿ ನಮ್ಮ ವಾರ್ಷಿಕೋತ್ಸವಗಳಲ್ಲಿ ಮೂವತ್ತು ವರ್ಷ ಓಡಿತು. ಅವರೂ ನಗುತ್ತಿದ್ದರು.

೨೦೨೨ರ ಫೆಬ್ರವರಿಯಲ್ಲಿ ಆ ನಗು ನಿಂತಿತು. ಪುಸ್ತಕಗಳಿಗೆಲ್ಲ ಬಾರ್‌ಕೋಡ್ ಅಂಟಿಸುವ ಕೆಲಸ ನಡೆದಿತ್ತು. ಸಹಾಯಕ ಗ್ರಂಥಪಾಲಕಿ ಶಾಲಿನಿ ದೇವದಾಸರ ಹೀಬ್ರೂ ಸತ್ಯವೇದದ ಹಳೆಯ ಸ್ಲಿಪ್ಪನ್ನು ಒದ್ದೆ ಸ್ಪಂಜಿನಿಂದ ನೆನೆಸಿ ಮೆಲ್ಲಗೆ ಎಬ್ಬಿಸಿದಳು.

"ಸಾರ್, ಇಲ್ಲಿ ಬನ್ನಿ. ಕೆಳಗಡೆ ಏನೋ ಇಂಕಲ್ಲಿ ಬರ್ದಿದೆ."

ಐದು ಸಾಲು, ಹೀಬ್ರೂ ಅಕ್ಷರ. ಮೊದಲ ನೋಟಕ್ಕೇ ಅವರಿಗೆ ನೆನಪಾಯಿತು: ಹೌದು, ಅಂದು ಅಂಟಿಸುವಾಗ ಏನೋ ಗೀಚಿದ ಹಾಗಿತ್ತು, ಕೊನೆಯ ಹಾಳೆಯ ಗೀಚು ಎಂದು ಅದರ ಮೇಲೇ ಗೋಂದು ಸವರಿದ್ದರು. ಈಗ ಅಕ್ಷರ ಬರುತ್ತಿತ್ತು. ಬಲದಿಂದ ಎಡಕ್ಕೆ ಬೆರಳಿಟ್ಟು ಒಂದೊಂದಾಗಿ ಕೂಡಿಸಿದರು. ಭಾಷೆ ಹೀಬ್ರೂ ಅಲ್ಲ, ಆ ಲಿಪಿಯಲ್ಲಿ ಬರೆದ ಕನ್ನಡದ ಹೆಸರುಗಳು. ಹೆಂಡತಿ. ಮಗ. ಸುಧಾಮಣಿ, ಹುಟ್ಟಿದ ದಿನ. ನಾಲ್ಕನೆಯ ಸಾಲು ಬೇರೆ ಶಾಯಿಯಲ್ಲಿ: ಸುಧಾಮಣಿ, ಚಿದಾನಂದ, ಮದುವೆ, ೧೯೭೮. ಐದನೆಯದು: ಮೊಮ್ಮಗಳು ಮೈತ್ರಿ, ೧೯೮೦. ಎಲ್ಲಿಯೂ ಹೊಡೆದುಹಾಕಿದ ಗುರುತಿಲ್ಲ.

ಅವರು ಅಲ್ಲೇ ಕಪಾಟಿನ ಏಣಿಯ ಮೆಟ್ಟಿಲ ಮೇಲೆ ಕೂತರು. "ಇಪ್ಪತ್ತೆಂಟು ವರ್ಷ ಶಾಲಿನಿ! ಆಯಮ್ಮ ಇಲ್ಲೇ ಕೂತಿದ್ರು, ಇದೇ ಪುಸ್ತಕ ಕೈಯಲ್ಲಿತ್ತು. ನಾನೇ ಅಂಟಿಸಿದ ಚೀಟಿ ನೋಡಿ, ಏನೂ ಇಲ್ಲ ಅಂತ ನಾನೇ ಪುಸ್ತಕ ಮುಚ್ಚಿಟ್ಟೆ" ಎಂದವರು ಕನ್ನಡಕ ತೆಗೆದು ಅತ್ತರು. ಬಿಷಪ್ಪರಿಗೂ ಜಗ್ಗದ ಮನುಷ್ಯ ಅಳುವುದನ್ನು ಶಾಲಿನಿ ಅಂದೇ ಮೊದಲು ನೋಡಿದ್ದು.

ಮರುದಿನವೇ ಸಮಿತಿಗೆ ಪತ್ರ ಬರೆದರು. ತಪ್ಪು ತಮ್ಮದೆಂದೂ, ರೆಫರೆನ್ಸ್ ಪುಸ್ತಕವಾದರೂ ಇದೊಂದನ್ನು ಹೊರಗೆ ಕೊಡಲು ಅನುಮತಿ ಬೇಕೆಂದೂ ಕೇಳಿದರು. ಸಮಿತಿಯವರು, ಪುಸ್ತಕವನ್ನು ಆಕೆಗೇ ಕೊಟ್ಟುಬಿಡೋಣ ಎಂದರು. ಇವರು ಒಪ್ಪಬೇಕಲ್ಲ! "ಗ್ರಂಥಾಲಯಕ್ಕೆ ಕೊಟ್ಟ ಪುಸ್ತಕಾನ ದಾನ ಮಾಡೋಕೆ ನಾವ್ಯಾರು? ಎರವಲು ಕೊಡೋಣ. ಹದಿನಾಲ್ಕು ದಿನ." ಹೊಸ ಡೇಟ್ ಸ್ಲಿಪ್ಪನ್ನು ಹೀಬ್ರೂವಿನ ನಿಜವಾದ ಕೊನೆಯ ಹಾಳೆಗೆ, ಎರಡು ಸಲ ತಿರುಗಿಸಿ ನೋಡಿ, ತಾವೇ ಅಂಟಿಸಿದರು.

ಶನಿವಾರ ಪುಸ್ತಕವನ್ನು ಬ್ರೌನ್ ಪೇಪರಿನಲ್ಲಿ ಸುತ್ತಿಕೊಂಡು, ಬನಶಂಕರಿಯಲ್ಲಿ ಬಸ್ಸು ಬದಲಿಸಿ, ಕತ್ರಿಗುಪ್ಪೆಯಲ್ಲಿ ಇಳಿದರು. ಇಪ್ಪತ್ತೆಂಟು ವರ್ಷ ನಕಲು ಮಾಡಿದ ವಿಳಾಸದಲ್ಲಿ ಮನೆ ಇದ್ದೀತೋ ಇಲ್ಲವೋ, ಆಕೆ ಇದ್ದಾರೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅದೇ ಯೋಚನೆಯಂತೆ. ಮನೆ ಇತ್ತು. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಸುಧಾಮಣಿಯವರೂ, ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದ ಚಿದಾನಂದ್ ಅವರೂ ಇದ್ದರು. ಇವರು ಮೊದಲು ತಪ್ಪು ಒಪ್ಪಿಕೊಂಡು, ಆಮೇಲೆ ಹಾಳೆ ತೆರೆದು, ಬೆರಳಿಟ್ಟು ಓದಿ ಹೇಳಿದರು.

ಚಿದಾನಂದ್ ಅವರು ಬಗ್ಗಿ ನೋಡಿ, "ಏನಂದ್ರಿ? ಮಾವ ನನ್ ಹೆಸರೂ ಬರೆದಿದ್ದಾರಾ?" ಎಂದು ಕೇಳಿದರು. ಇವರು ಮತ್ತೆ ಓದಿದರು. ಅವರು ಇನ್ನೊಂದು ಸಲ ಓದಿಸಿದರು.

ಸುಧಾಮಣಿಯವರು ಐದನೆಯ ಸಾಲಿನ ಮೇಲೆ ಕೈಯಿಟ್ಟು, "ಮೈತ್ರಿ ಅಂತ ಹೆಸರಿಟ್ಟಿದ್ದು ಅಪ್ಪಂಗೆ ಯಾರು ಹೇಳಿದ್ರು? ನಾನು ಹೇಳಿಲ್ವಲ್ಲ. ಯಾರನ್ನೋ ಕೇಳಿ ತಿಳ್ಕೊಂಡಿದ್ದಾರೆ" ಎಂದರು. ಕೋಪದಲ್ಲಿ ಕನ್ನಡದ ಹಾಳೆ ಕಿತ್ತ ತಂದೆ, ಮನಸ್ಸು ತಡೆಯದೆ, ಮನೆಯಲ್ಲಿ ಬೇರೆ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಎಲ್ಲರನ್ನೂ ಮತ್ತೆ ಬರೆದಿಟ್ಟಿರಬೇಕೆಂಬುದು ಚಿದಾನಂದ್ ಅವರ ಊಹೆ. ಅದನ್ನು ತಳ್ಳಿಹಾಕುವ ಕಾರಣ ನಮಗೂ ಕಾಣುವುದಿಲ್ಲ.

ಗ್ರಂಥಾಲಯಕ್ಕೆ ಮರಳಿದ ರೇವಣಸಿದ್ದಪ್ಪನವರು ಕೇಳಿಕೆಯ ಪುಸ್ತಕ ತೆಗೆದು ಆ ಕೆಂಪು ಸಾಲಿಗೆ ನೀಲಿ ಗೆರೆ ಎಳೆದು, ಪಕ್ಕದಲ್ಲಿ, "ಉತ್ತರ ನಮ್ಮಲ್ಲೇ ಇತ್ತು. ತಡ ಮಾಡಿದವನು ನಾನು" ಎಂದು ಬರೆದು ಸಹಿ ಹಾಕಿದರು.

ಹದಿನಾಲ್ಕು ದಿನ ಕಳೆಯಿತು. ನವೀಕರಣಕ್ಕೆ ಪುಸ್ತಕ ತಂದು ತೋರಿಸಬೇಕು, ಸುಧಾಮಣಿಯವರಿಗೆ ಮೆಟ್ಟಿಲಿಳಿಯಲಾಗದು. ಬೇರೆ ಯಾರಾದರೂ ಫೋನಿನಲ್ಲೇ ಮುಗಿಸುತ್ತಿದ್ದರು. ಇವರು ಮುದ್ರೆಯನ್ನೂ ಶಾಯಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಹೋಗಿ, ಪುಸ್ತಕ ನೋಡಿ, ಮುದ್ರೆ ಒತ್ತಿ, ಆ ಐದು ಸಾಲನ್ನು ಇನ್ನೊಮ್ಮೆ ಓದಿ ಹೇಳಿ, ಕಾಫಿ ಕುಡಿದು ಬಂದರು. ಅಂದಿನಿಂದ ಇಂದಿನವರೆಗೆ ಎರಡು ವಾರಕ್ಕೊಂದು ಶನಿವಾರ ತಪ್ಪಿಲ್ಲ. ಸುಧಾಮಣಿಯವರಿಗೆ ಈಗ ಅಕ್ಷರಗಳು ಬಾಯಿಪಾಠ. ಆದರೂ, "ನೀವೇ ಓದಿ ಸಾರ್, ನೀವು ಓದಿದ್ರೆ ಅಪ್ಪ ಹೇಳ್ದಂಗಿರುತ್ತೆ," ಎನ್ನುತ್ತಾರೆ.

ಕಳೆದ ಮೇ ಮೂವತ್ತೊಂದರಂದು ರೇವಣಸಿದ್ದಪ್ಪನವರು ನಿವೃತ್ತರಾದರು. ಬೀಗದಕೈ ಗೊಂಚಲು, ರಿಜಿಸ್ಟರುಗಳು, ಗೋಂದಿನ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ಶಾಲಿನಿಯ ಮುಂದೆ ಇಟ್ಟರು. ಕೊನೆಗೆ ದಿನಾಂಕದ ಮುದ್ರೆಯನ್ನೂ ಇಟ್ಟರು. "ಆಯಮ್ಮನ ಪುಸ್ತಕ ವಾಪಸ್ ತರ್ಬೇಕಾಗುತ್ತೇನೋ. ಕೆಲಸ ಬಿಟ್ಟವನು ಮುದ್ರೆ ಒತ್ತೋಕಾಗಲ್ಲ" ಎಂದರು. ನಿಯಮ ನಿಯಮವೇ, ತಮಗಾದರೂ ಸರಿ.

ಶಾಲಿನಿ ಮುದ್ರೆಯನ್ನು ಅವರತ್ತ ತಳ್ಳಿದಳು. "ಸಾರ್, ಈಗ ಗ್ರಂಥಪಾಲಕಿ ನಾನು. ನಿಯಮ ನಾನು ಹೇಳ್ತೀನಿ. ಇದನ್ನ ನಿಮಗೆ ಎರವಲು ಕೊಟ್ಟಿದ್ದೀನಿ. ಹದಿನಾಲ್ಕು ದಿನಕ್ಕೊಂದ್ಸಲ ತಂದು ತೋರ್ಸಿ ರಿನ್ಯೂ ಮಾಡಿಸ್ಕೊಂಡು ಹೋಗಿ."

ಹೀಗಾಗಿ ನಮ್ಮ ಹಿರಿಯರು ಈಗ ವಸಂತಪುರದ ಮನೆಯಿಂದ ಹೊರಟು, ಮೊದಲು ಸೆಮಿನರಿಗೆ ಬಂದು ಮುದ್ರೆ ತೋರಿಸಿ, ಅಲ್ಲಿಂದ ಕತ್ರಿಗುಪ್ಪೆಗೆ ಹೋಗಿ ಪುಸ್ತಕ ನೋಡಿ ಬರುತ್ತಾರೆ. ಡೇಟ್ ಸ್ಲಿಪ್ಪು ಮೊನ್ನೆ ತುಂಬಿತು. ಶಾಲಿನಿ ಅದರ ಜೊತೆಗೆ ಅಂಟಿಸಲು ಇನ್ನೂ ಹತ್ತು ಸ್ಲಿಪ್ಪು ಕತ್ತರಿಸಿಟ್ಟಿದ್ದಾಳೆ. ಆ ಹತ್ತೂ ತುಂಬುವಷ್ಟು ಕಾಲ ರೇವಣಸಿದ್ದಪ್ಪನವರ ಕಾಲಿಗೆ ಬಲ, ಕಣ್ಣಿಗೆ ಬೆಳಕು ಇರಲಿ. ಬಾಗಿಲು ತೆರೆಯಲು ಸುಧಾಮಣಿಯವರೂ, ಮತ್ತೊಮ್ಮೆ ಓದಿ ಎನ್ನಲು ಚಿದಾನಂದ್ ಅವರೂ ಇರಲಿ. ಪುಸ್ತಕ ವಾಪಸು ಬರುವ ಅವಸರ ನಮಗೆ ಯಾರಿಗೂ ಇಲ್ಲ.